ಅಪ್ಪನ ನೆರಳು ಬಿದ್ದ ಫೋಟೊಗಳು

ಹೈದರಾಬಾದಿನ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿ ಫೋಟೊ ಹುಚ್ಚು ಹಿಡಿಸಿಕೊಂಡವರು ಏಳೆಂಟು ಮಂದಿ ಇದ್ದೇವೆ. ವಾರವಿಡೀ ಗಚ್ಚಿಬೌಲಿ, ಮಾಧಾಪುರದ ಕಚೇರಿಗಳಲ್ಲಿ ಕೋಡ್ ಬರೆದು, ಭಾನುವಾರ ನಸುಕಿನಲ್ಲಿ ಎದ್ದು ಚಾರ್‌ಮಿನಾರ್ ಕಡೆಗೋ ಅಮೀನ್‌ಪುರ ಕೆರೆಯ ಕಡೆಗೋ ಹೊರಡುವವರು. ಕಳೆದ ರಾಜ್ಯೋತ್ಸವದ ದಿನ ಊಟಕ್ಕೆ ಕೂತಾಗ, ಹೊಸದಾಗಿ ಕ್ಯಾಮೆರಾ ಕೊಂಡಿದ್ದ ಹುಡುಗನೊಬ್ಬ ಎಲ್ಲರನ್ನೂ ಕೇಳಿದ: ‘ಸರ್, ನಿಮಗೆಲ್ಲ ಈ ಹವ್ಯಾಸ ಹತ್ತಿದ್ದು ಹೇಗೆ?’

ಒಬ್ಬರು ತೇಜಸ್ವಿಯವರ ಹೆಸರು ಹೇಳಿದರು. ಕಾಲೇಜಿನಲ್ಲಿದ್ದಾಗ ಅವರು ಹಕ್ಕಿಗಳ ಬಗ್ಗೆ ಬರೆದ ಪುಸ್ತಕ ಓದಿ, ಅದರಲ್ಲಿದ್ದ ಹಕ್ಕಿಗಳನ್ನು ತಾವೂ ನೋಡಬೇಕು ಅನ್ನಿಸಿ ಶುರುವಾಯಿತಂತೆ. ಇನ್ನೊಬ್ಬರು ಮಗಳು ಹುಟ್ಟಿದ ವಾರ ಕ್ಯಾಮೆರಾ ಕೊಂಡವರು. ಮೂರನೆಯವರು ಮೊದಲ ಕೆಲಸಕ್ಕೆಂದು ಮುಂಬೈಗೆ ಹೋದಾಗ ಭಾನುವಾರ ಯಾರೂ ಮಾತಾಡಲು ಸಿಗುತ್ತಿರಲಿಲ್ಲವಂತೆ. ‘ಕೈಯಲ್ಲಿ ಕ್ಯಾಮೆರಾ ಇದ್ದರೆ ಒಬ್ಬನೇ ತಿರುಗಾಡೋಕೆ ಒಂದು ನೆಪ ಇರುತ್ತೆ ನೋಡಿ’ ಅಂದರು. ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಮಂದಿಗೆ ಈ ಮಾತು ಅರ್ಥವಾದೀತು.

ನನ್ನ ಸರದಿ ಬಂದಾಗ, ‘ಬೋನಸ್ ಬಂದಿತ್ತು, ಕ್ಯಾಮೆರಾ ಕೊಂಡೆ, ಅಷ್ಟೇ’ ಅಂದುಬಿಟ್ಟೆ. ಎಲ್ಲರೂ ನಕ್ಕರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಉತ್ತರ ಕಾಡಿತು. ಕ್ಯಾಮೆರಾ ಕೊಂಡದ್ದು ಹಾಗೆಯೇ ನಿಜ. ಆಸಕ್ತಿ ಹುಟ್ಟಿದ್ದು ಮಾತ್ರ ಹಾಗಲ್ಲ. ಆ ಹುಡುಗನಿಗೆ ಹೇಳಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೂರ್ಯ ಬೆನ್ನಿಗಿರಲಿ

ನಮ್ಮದು ಕೊಪ್ಪಳ ಜಿಲ್ಲೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಐದನೇ ತರಗತಿಯಲ್ಲಿದ್ದಾಗ ಮನೆಗೆ ಒಂದು ಕೊಡ್ಯಾಕ್ ಕೆಬಿ10 ಕ್ಯಾಮೆರಾ ಬಂತು. ಕಪ್ಪು ಪ್ಲಾಸ್ಟಿಕ್ಕಿನ ಆ ಡಬ್ಬಿ ಆಗ ಎಷ್ಟೋ ಮನೆಗಳಲ್ಲಿತ್ತು. ಫೋಕಸ್ ಮಾಡುವ ಗೊಡವೆ ಇಲ್ಲ, ನೋಡು, ಒತ್ತು. ಮೂವತ್ತಾರು ಫೋಟೊಗಳ ಒಂದು ರೋಲ್ ನಮ್ಮ ಮನೆಯಲ್ಲಿ ಆರೆಂಟು ತಿಂಗಳು ಬರುತ್ತಿತ್ತು. ಜಾತ್ರೆಗೆ ನಾಲ್ಕು, ದೀಪಾವಳಿಗೆ ಮೂರು, ಯಾರದಾದರೂ ಮದುವೆಗೆ ಹತ್ತು ಎಂದು ಅಪ್ಪ ಮೊದಲೇ ಲೆಕ್ಕ ಹಾಕಿಡುತ್ತಿದ್ದರು. ರೋಲ್ ಮುಗಿದ ಮೇಲೆ ಕೊಪ್ಪಳಕ್ಕೆ ಹೋಗಿ ತೊಳೆಯಲು ಕೊಟ್ಟು, ವಾರ ಬಿಟ್ಟು ತರಬೇಕು. ಆ ವಾರ ನಮಗೆ ನಿದ್ದೆ ಬರುತ್ತಿರಲಿಲ್ಲ.

ಅಪ್ಪನಿಗೆ ಗೊತ್ತಿದ್ದ ನಿಯಮ ಒಂದೇ: ‘ಸೂರ್ಯ ಯಾವಾಗ್ಲೂ ಫೋಟೊ ತಗಿಯಾಂವನ ಬೆನ್ನಿಗಿರಬೇಕು.’ ಹಳೆಯ ಸಾದಾ ಕ್ಯಾಮೆರಾಗಳಿಗೆ ಅದು ಸರಿಯಾದ ನಿಯಮವೇ. ಬೆಳಕು ಎಷ್ಟು ಒಳಗೆ ಬಿಡಬೇಕೆಂದು ಅಳೆಯುವ ಶಕ್ತಿ ಅವುಗಳಿಗೆ ಇರಲಿಲ್ಲ. ಎದುರಿನವರ ಮುಖದ ಮೇಲೆ ನೇರ ಬಿಸಿಲು ಬಿದ್ದರೆ ಮಾತ್ರ ಫೋಟೊ ಸರಿಯಾಗಿ ಮೂಡುತ್ತಿತ್ತು. ಹಾಗಾಗಿ ನಮ್ಮ ಆಲ್ಬಮ್ಮಿನ ಎಲ್ಲ ಫೋಟೊಗಳಲ್ಲೂ ನಾವು ಕಣ್ಣು ಕಿರಿದು ಮಾಡಿಕೊಂಡು, ಹಣೆಗೆ ನಿರಿಗೆ ಹಾಕಿಕೊಂಡೇ ನಿಂತಿದ್ದೇವೆ.

ಒಮ್ಮೆ ಇಟಗಿಗೆ ಹೋಗಿದ್ದೆವು. ಅಲ್ಲಿನ ಮಹಾದೇವ ದೇವಾಲಯ ಕಲ್ಯಾಣದ ಚಾಲುಕ್ಯರ ಕಾಲದ್ದು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಗುಡಿಯ ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಬೇಗ ಹೋಗಿದ್ದರಿಂದ ಬಿಸಿಲು ಇನ್ನೂ ಓರೆಯಾಗಿತ್ತು. ಅಪ್ಪ ನಿಯಮದಂತೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಅವ್ವ, ಅಕ್ಕ ಮತ್ತು ನನ್ನನ್ನು ಗುಡಿಯ ಮುಂದೆ ನಿಲ್ಲಿಸಿ ಒತ್ತಿದರು. ಪ್ರಿಂಟ್ ಬಂದಾಗ ನೋಡಿದರೆ ಕೆಳಗೆ ಉದ್ದಕ್ಕೆ ಒಂದು ನೆರಳು. ಎರಡು ಮೊಣಕೈ ಅಗಲಿಸಿ ಕ್ಯಾಮೆರಾ ಹಿಡಿದ ಆಕಾರ, ತಲೆಯ ಭಾಗ ಸರಿಯಾಗಿ ನನ್ನ ಚಪ್ಪಲಿಯ ಹತ್ತಿರ ಬಂದು ಮುಗಿದಿತ್ತು.

‘ಹಾಳಾತು ನೋಡು ಇದು’ ಎಂದು ಅಪ್ಪ ಪೇಚಾಡಿಕೊಂಡರು. ನನಗೆ ಮಾತ್ರ ಅದು ಬಹಳ ಇಷ್ಟವಾಗಿತ್ತು. ಆ ಫೋಟೊ ತೆಗೆದದ್ದು ಯಾರೆಂದು ಫೋಟೊನೇ ಹೇಳುತ್ತಿತ್ತಲ್ಲ! ಅದೇ ದಿನ ನನ್ನ ಕೈಗೂ ಕ್ಯಾಮೆರಾ ಕೊಟ್ಟು, ‘ಒಂದ, ಒಂದ ತಗಿ. ರೋಲ್ ಖರ್ಚಾಗ್ತೈತಿ’ ಅಂದಿದ್ದರು. ನಾನು ಗುಡಿಯ ಹೊರಗೋಡೆಯ ಒಂದು ಕಂಬ ತೆಗೆದೆ. ಅದು ಅಲುಗಾಡಿ ಮಸುಕಾಗಿ ಬಂತು. ಆದರೂ ಅಪ್ಪ ಅದನ್ನು ಆಲ್ಬಮ್ಮಿಗೆ ಹಾಕಿದರು.

ಸಂಖ್ಯೆಗಳಾಗಿ ಬಂದ ಚಿತ್ರ

ಆಮೇಲೆ ಹತ್ತು ಹನ್ನೆರಡು ವರ್ಷ ಕ್ಯಾಮೆರಾದ ನೆನಪೇ ಇರಲಿಲ್ಲ. ಪಿಯುಸಿ, ಸಿಇಟಿ, ಬಿಇ ಅಂತ ಓಡಿದ್ದಾಯಿತು. ಎಂಟೆಕ್ ಓದುವಾಗ ಇಮೇಜ್ ಪ್ರೊಸೆಸಿಂಗ್ ಎಂಬ ವಿಷಯ ತೆಗೆದುಕೊಂಡಿದ್ದೆ. ಅಲ್ಲಿ ಫೋಟೊ ಅಂದರೆ ಸಂಖ್ಯೆಗಳ ಒಂದು ಕೋಷ್ಟಕ. ಸೊನ್ನೆ ಅಂದರೆ ಕಪ್ಪು, 255 ಅಂದರೆ ಬಿಳಿ, ನಡುವಿನವೆಲ್ಲ ಬೂದು.

ಆ ತರಗತಿಯಲ್ಲಿ ಕಲಿತ ಒಂದು ಸಂಗತಿ ಇವತ್ತಿಗೂ ತಲೆಯಲ್ಲಿ ಉಳಿದಿದೆ. ಡಿಜಿಟಲ್ ಕ್ಯಾಮೆರಾದ ಒಂದು ಪಿಕ್ಸೆಲ್ ಎಲ್ಲ ಬಣ್ಣಗಳನ್ನೂ ನೋಡುವುದಿಲ್ಲ. ಕೊಡ್ಯಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ, ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ಅಳೆಯುತ್ತವೆ. ಉಳಿದ ಬಣ್ಣವನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಿ ತುಂಬಿಸಲಾಗುತ್ತದೆ. ನಮ್ಮ ಮೊಬೈಲ್ ಫೋಟೊಗಳಲ್ಲಿ ಕಾಣುವ ಬಣ್ಣದಲ್ಲಿ ಮೂರನೇ ಎರಡು ಪಾಲು ಹೀಗೆ ನೆರೆಹೊರೆಯಿಂದ ಊಹಿಸಿದ್ದೇ. ಇಲ್ಲದ್ದನ್ನು ಪಕ್ಕದಲ್ಲಿರುವುದರಿಂದ ಊಹಿಸುವ ಈ ಮಾತು ಮುಂದೆ ಬೇರೆ ರೀತಿಯಲ್ಲಿ ನನ್ನೆದುರು ಬರಲಿದೆ ಎಂದು ಆಗ ಗೊತ್ತಿರಲಿಲ್ಲ.

ಓದು ಮುಗಿಸಿ ಹೈದರಾಬಾದಿಗೆ ಬಂದೆ. 2013ರಲ್ಲಿ ಬೋನಸ್ ಹಣದಲ್ಲಿ ಕೋಠಿಯ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡೆ. ಕಚೇರಿಯ ಪಕ್ಕದ ಸೀಟಿನ ತಮಿಳು ಗೆಳೆಯ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಚಾರ್‌ಮಿನಾರಿಗೆ ಕರೆದುಕೊಂಡು ಹೋದ. ಹಗಲಲ್ಲಿ ಕಾಲಿಡಲೂ ಜಾಗವಿರದ ಆ ರಸ್ತೆ ಆ ಹೊತ್ತಿಗೆ ಖಾಲಿ. ಪಾರಿವಾಳಗಳಿಗೆ ಜೋಳ ಎರಚುವವರು, ಇರಾನಿ ಹೋಟೆಲಿನ ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತ ಮುದುಕರು, ಹೊಗೆಯೊಳಗಿಂದ ಓರೆಯಾಗಿ ಬೀಳುವ ಬಿಸಿಲು. ಅಂದು ನಾಲ್ಕು ನೂರು ಫೋಟೊ ತೆಗೆದೆ. ಅಪ್ಪನ ಲೆಕ್ಕದಲ್ಲಿ ಅದು ಹನ್ನೊಂದು ರೋಲು, ಅಂದರೆ ಆರೇಳು ವರ್ಷದ ಫೋಟೊ!

ಗುಮಾಸ್ತ, ನಕ್ಷೆಗಾರ, ಎಂಜಿನಿಯರ್

ಹುಚ್ಚು ಹತ್ತಿದ ಮೇಲೆ ಫೋಟೊಗ್ರಫಿಯ ಚರಿತ್ರೆಯನ್ನೂ ಓದತೊಡಗಿದೆ. ದೊಡ್ಡ ಹೆಸರು ಮಾಡಿದ ಎಷ್ಟೋ ಮಂದಿ ಬೇರೆ ಯಾವುದೋ ನೌಕರಿಯಲ್ಲಿದ್ದು, ಆಕಸ್ಮಿಕವಾಗಿ ಕ್ಯಾಮೆರಾ ಹಿಡಿದವರು ಎಂದು ತಿಳಿದಾಗ ನನ್ನಂಥವನಿಗೆ ಖುಷಿಯಾಗದೆ ಇರುತ್ತದೆಯೇ?

ಕೊಡ್ಯಾಕ್ ಸ್ಥಾಪಿಸಿದ ಜಾರ್ಜ್ ಈಸ್ಟ್‌ಮನ್ ಅಮೆರಿಕದ ರೋಚೆಸ್ಟರ್ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಸುಮಾರು ಇಪ್ಪತ್ಮೂರು ವರ್ಷದವನಾಗಿದ್ದಾಗ ಕೆರಿಬಿಯನ್ ದ್ವೀಪವೊಂದಕ್ಕೆ ಪ್ರವಾಸ ಹೊರಡಲು ಯೋಚಿಸಿದ. ಅಲ್ಲಿನ ಫೋಟೊ ತೆಗೆದುಕೊಂಡು ಬಾ ಎಂದು ಜೊತೆಯ ನೌಕರನೊಬ್ಬ ಹೇಳಿದ. ಆ ಕಾಲದ ಕ್ಯಾಮೆರಾ ಅಂದರೆ ಗಾಜಿನ ಫಲಕ, ರಾಸಾಯನಿಕ, ಡೇರೆ ಎಲ್ಲ ಸೇರಿ ಒಂದು ಹೊರೆ. ಅದನ್ನೆಲ್ಲ ಕೊಂಡ, ಕಲಿತ, ಆದರೆ ಪ್ರವಾಸಕ್ಕೆ ಹೋಗಲೇ ಇಲ್ಲ. ಈ ಹೊರೆಯನ್ನು ಹಗುರ ಮಾಡುವುದು ಹೇಗೆ ಎಂಬುದೇ ಅವನ ಹವ್ಯಾಸವಾಯಿತು. 1888ರಲ್ಲಿ ಅವನು ತಂದ ಕೊಡ್ಯಾಕ್ ಕ್ಯಾಮೆರಾಕ್ಕೆ 25 ಡಾಲರ್ ಬೆಲೆ. ಒಳಗೆ ನೂರು ಫೋಟೊಗಳ ಫಿಲ್ಮ್ ತುಂಬಿಯೇ ಬರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಪ್ರಿಂಟ್ ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸು ಕಳಿಸುತ್ತಿದ್ದರು. ರಾಸಾಯನಿಕ ಗೊತ್ತಿಲ್ಲದ ಸಾಮಾನ್ಯರೂ ಹವ್ಯಾಸಕ್ಕೆಂದು ಫೋಟೊ ತೆಗೆಯುವುದು ಅಲ್ಲಿಂದ ಹಬ್ಬಿತು.

ನಾನಿರುವ ಊರಿಗೆ ಸಂಬಂಧಪಟ್ಟವರು ರಾಜಾ ದೀನ್ ದಯಾಳ್. 1844ರಲ್ಲಿ ಮೀರತ್ ಬಳಿಯ ಸರ್ಧಾನದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದವರು. 1870ರ ದಶಕದಲ್ಲಿ ಹವ್ಯಾಸವಾಗಿ ಕ್ಯಾಮೆರಾ ಹಿಡಿದರು. ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಬೆನ್ನು ತಟ್ಟಿದರು. ಕೊನೆಗೆ ನೌಕರಿ ಬಿಟ್ಟು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದು, ಆರನೇ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾದರು. ಅವರ ಹೆಸರಿನ ಮುಂದಿನ ‘ರಾಜಾ’ 1894ರಲ್ಲಿ ನಿಜಾಮರು ಕೊಟ್ಟ ಬಿರುದು.

ರಘು ರಾಯ್ ಕೂಡ ಓದಿದ್ದು ಸಿವಿಲ್ ಎಂಜಿನಿಯರಿಂಗ್. ದೆಹಲಿಯಲ್ಲಿ ಅಣ್ಣ ಎಸ್. ಪಾಲ್ ಆಗಲೇ ಹೆಸರಾದ ಛಾಯಾಗ್ರಾಹಕ. ಅವರಿಂದ ಕ್ಯಾಮೆರಾ ಪಡೆದು ಹಳ್ಳಿಯೊಂದಕ್ಕೆ ಹೋದ ತಮ್ಮ, ಒಂದು ಕತ್ತೆ ಮರಿಯ ಹಿಂದೆ ಬಿದ್ದು ಅದರ ಫೋಟೊ ತೆಗೆದುಕೊಂಡು ಬಂದರು. ಅಣ್ಣ ಅದನ್ನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಕಳಿಸಿದರು, ಅಚ್ಚಾಯಿತು. ಎಂಜಿನಿಯರಿಂಗ್ ಅಲ್ಲಿಗೆ ಹಿಂದೆ ಬಿತ್ತು.

ನಮ್ಮ ಜಿಲ್ಲೆಯ ಅಂಚಿನಲ್ಲಿ, ತುಂಗಭದ್ರೆಯಾಚೆ ಇರುವ ಹಂಪಿಯ ಫೋಟೊಗಳನ್ನು 1856ರಲ್ಲೇ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಸೈನ್ಯದ ಅಧಿಕಾರಿ. ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಅವನು ಹಂಪಿಯನ್ನು ಹಿಡಿದಿಟ್ಟ. ಅಂದಿಗೂ ಇಂದಿಗೂ ಹಂಪಿಯಲ್ಲಿ ಏನು ಬದಲಾಗಿದೆ ಎಂದು ಹೋಲಿಸಿ ನೋಡಲು ಇವತ್ತು ಆ ಚಿತ್ರಗಳೇ ಆಧಾರ.

ಇವರ ಕಥೆಗಳನ್ನು ಓದುವಾಗ ಒಂದು ಸಂಗತಿ ಕಂಡಿತು. ಯಾರೂ ‘ಫೋಟೊಗ್ರಫಿ ಚೆನ್ನಾಗಿದೆ, ಮಾಡೋಣ’ ಎಂದು ಶುರು ಮಾಡಿದವರಲ್ಲ. ಜೊತೆಯ ನೌಕರ, ಬೆನ್ನು ತಟ್ಟಿದ ಅಧಿಕಾರಿ, ಕ್ಯಾಮೆರಾ ಕೈಗೆ ಕೊಟ್ಟ ಅಣ್ಣ ಹೀಗೆ ಯಾರೋ ಒಬ್ಬರು ಹಿಂದೆ ಇದ್ದಾರೆ. ನನ್ನ ಹಿಂದೆ ಯಾರಿದ್ದಾರೆಂದು ಮಾತ್ರ ನಾನು ಯೋಚಿಸಿರಲಿಲ್ಲ. ಒಂದು ಫೋನ್ ಬರಬೇಕಾಯಿತು.

‘ನಿಮ್ಮ ತಂದೆಯವರದೊಂದು ಒಳ್ಳೆ ಫೋಟೊ’

2015ರಲ್ಲಿ ಅಪ್ಪ ನಿವೃತ್ತರಾದರು. ಶಾಲೆಯವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅಪ್ಪನ ಜೊತೆಗಿದ್ದ ಶಿಕ್ಷಕರೊಬ್ಬರು ಫೋನ್ ಮಾಡಿ, ‘ನೀವು ಭಾರಿ ಫೋಟೊ ತಗಿತೀರಂತಲ್ರಿ. ಬ್ಯಾನರಿಗೆ ನಿಮ್ಮ ತಂದೆಯವರದೊಂದು ಒಳ್ಳೆ ಫೋಟೊ ಕಳಿಸ್ರಿ’ ಅಂದರು. ‘ಇವತ್ತೇ ಕಳಿಸ್ತೀನ್ರಿ’ ಅಂದೆ.

ಆ ರಾತ್ರಿ ಹಾರ್ಡ್ ಡಿಸ್ಕ್ ತೆರೆದು ಕೂತೆ. ಎರಡು ವರ್ಷದಲ್ಲಿ ತೆಗೆದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫೋಟೊ. ಚಾರ್‌ಮಿನಾರಿನ ಚಹಾ ಮಾರುವವನ ಮುಖದ ಸುಕ್ಕು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಅಮೀನ್‌ಪುರದ ಕೆರೆಯ ಒಂದೇ ಬೆಳ್ಳಕ್ಕಿಯದು ಎಪ್ಪತ್ತು ಫೋಟೊ. ಅಪ್ಪನದು ಎಷ್ಟು? ಅಕ್ಕನ ಮಗನ ಹುಟ್ಟುಹಬ್ಬದ ಫೋಟೊವೊಂದರಲ್ಲಿ ಹಿಂದುಗಡೆ ಅರ್ಧ ಮುಖ. ಹೊಲದ ಫೋಟೊದಲ್ಲಿ ದೂರದಲ್ಲಿ ಬಿಳಿ ಚುಕ್ಕೆಯಂತೆ. ಅಷ್ಟೇ.

ಊರಿಗೆ ಫೋನ್ ಮಾಡಿ ಅಕ್ಕನಿಗೆ ಹಳೆಯ ಆಲ್ಬಮ್ ನೋಡಲು ಹೇಳಿದೆ. ಅವಳು ಐದು ಆಲ್ಬಮ್ ತಿರುವಿ, ‘ಇದರಾಗ ಅಪ್ಪ ಎಲ್ಲಿ ಅದಾರೋ? ಎಲ್ಲಾದ್ರಾಗೂ ನಾವ, ಅವ್ವ. ಇಟಗಿ ಫೋಟೊದಾಗ ಅಪ್ಪನ ನೆಳ್ಳು ಐತಿ ನೋಡು’ ಅಂದಳು.

ಕೊನೆಗೆ ಯಾವುದೋ ಅರ್ಜಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಅಕ್ಕ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಅದನ್ನೇ ಮುಂದೆ ಕಳಿಸಿದೆ. ಚಿಕ್ಕ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅದರಲ್ಲಿಲ್ಲದ ವಿವರ ಹುಟ್ಟುವುದಿಲ್ಲ ಎಂದು ಎಂಟೆಕ್‌ನಲ್ಲಿ ಪರೀಕ್ಷೆ ಬರೆದು ಪಾಸಾದವನು ನಾನು. ಆ ದಿನ ವೇದಿಕೆಯ ಮೇಲೆ ಹತ್ತಡಿ ಬ್ಯಾನರಿನಲ್ಲಿ ಅಪ್ಪನ ಮುಖ ಮಸುಕು ಮಸುಕಾಗಿ, ಅಡ್ಡಕ್ಕೆ ಎಳೆದಂತೆ ಕಾಣುತ್ತಿತ್ತು. ಅದರ ಮುಂದೆ ಹೊಸ ಲೆನ್ಸ್ ಹಾಕಿಕೊಂಡು ನಿಂತಿದ್ದ ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ‘ಚಲೋ ಆತು ಕಾರ್ಯಕ್ರಮ’ ಅಂದರು.

ಬಿಸ್ಕಿಟ್ ಡಬ್ಬಿಯ ಒಳಗೆ

ಅಂದು ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತಾಗ ಕೇಳಿದೆ: ‘ಅಪ್ಪಾ, ನೀವು ಫೋಟೊ ತೆಗೆಯೋದು ಹೆಂಗ ಕಲಿತ್ರಿ?’ ಮೂವತ್ತು ವರ್ಷ ಸಮೀಪಿಸುತ್ತಿದ್ದ ನಾನು ಅಪ್ಪನಿಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಅಪ್ಪ ಒಳಗೆ ಹೋಗಿ ಅಟ್ಟದ ಮೇಲಿದ್ದ ಟ್ರಂಕಿನಿಂದ ಒಂದು ತಗಡಿನ ಬಿಸ್ಕಿಟ್ ಡಬ್ಬಿ ತಂದರು. ಒಳಗೆ ಕಾಗದದಲ್ಲಿ ಸುತ್ತಿಟ್ಟ ನೆಗೆಟಿವ್‌ಗಳು. ಕೆಬಿ10ರವಲ್ಲ, ಅದಕ್ಕಿಂತ ದೊಡ್ಡವು, ಚೌಕದವು, ಕಪ್ಪು-ಬಿಳುಪು. ಜೊತೆಗೆ ನಲವತ್ತು ಪುಟದ ಒಂದು ನೋಟ್‌ಬುಕ್.

1981ರಲ್ಲಿ ಅಪ್ಪ ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿದ್ದರು. ವರ್ಗವಾಗಿ ಹೋಗುತ್ತಿದ್ದ ಮಾಸ್ತರರೊಬ್ಬರಿಂದ ಹಳೆಯ ಆಗ್ಫಾ ಕ್ಲಿಕ್ III ಕ್ಯಾಮೆರಾ ಕೊಂಡರಂತೆ. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ, ಆಗಿನ ಮಧ್ಯಮ ವರ್ಗದ ಮನೆಗಳಲ್ಲಿ ಕಾಣುತ್ತಿದ್ದ ಸಾದಾ ಕ್ಯಾಮೆರಾ ಅದು. ಒಂದು ರೋಲಿಗೆ ಹನ್ನೆರಡೇ ಫೋಟೊ. ಬಿಸಿಲು, ಮೋಡ ಎಂದು ಎರಡು ಗುರುತು. ಸಂಬಳದಲ್ಲಿ ಉಳಿಸಿ ರೋಲ್ ಕೊಂಡು ಅಪ್ಪ ತೆಗೆದದ್ದು ಗುಡಿಯಲ್ಲ, ಗುಡ್ಡವಲ್ಲ. ಡಬ್ಬಿಯಲ್ಲಿದ್ದುದೆಲ್ಲ ಹೆಂಗಸರು. ತಲೆ ಮೇಲೆ ಸೆರಗು ಹೊದ್ದು, ಮನೆಯ ಕಟ್ಟೆಯ ಮೇಲೋ ಗೋಡೆಯ ಮುಂದೋ ನೇರವಾಗಿ ಕೂತವರು. ನೋಟ್‌ಬುಕ್ಕಿನಲ್ಲಿ ಅಪ್ಪನ ದುಂಡು ಅಕ್ಷರ: ‘ರೋಲ್ 3, ನಂ. 7. ಬಡಿಗೇರರ ಮನಿ. ನಾಲ್ಕನೇತ್ತ ಹುಡುಗನ ಅವ್ವ.’

ಇವೆಲ್ಲ ಯಾರು ಎಂದೆ.

‘ಹುಡುಗರ ಅವ್ವಂದಿರು, ಅಜ್ಜಿಯಂದಿರು. ಐತವಾರ ಹೋಗಿ ತಗಿತಿದ್ದೆ. ಪ್ರಿಂಟ್ ಹಾಕಿಸಿ ಅವರ ಮನಿಗೇ ಕೊಡ್ತಿದ್ದೆ.’

‘ಯಾಕ?’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮವ್ವ ತೀರಿಕೊಂಡಾಗ ನನಗ ಎಂಟು ವರ್ಷ. ಆಕಿದು ಒಂದು ಫೋಟೊನೂ ಇಲ್ಲ. ಧ್ವನಿ ನೆನಪೈತಿ, ಕೈಬಳಿ ನೆನಪೈತಿ. ಮುಖ ನೆನಪಿಲ್ಲ. ನಿಮ್ಮ ಅತ್ತಿ ಥೇಟ್ ಆಕಿ ಹಂಗ ಅದಾಳ ಅಂತ ಮಂದಿ ಅಂತಾರ. ಅತ್ತಿ ಮುಖ ನೋಡಿ, ಹಿಂಗ ಇದ್ದಿರಬೇಕು ಅಂದ್ಕೊಂತೀನಿ.’

ಪಕ್ಕದಲ್ಲಿರುವುದರಿಂದ ಇಲ್ಲದ್ದನ್ನು ಊಹಿಸುವ ಮಾತನ್ನು ನಾನು ತರಗತಿಯಲ್ಲಿ ಕಲಿತಿದ್ದೆ. ಅಪ್ಪ ಅದನ್ನು ಐವತ್ತು ವರ್ಷದಿಂದ ಮಾಡುತ್ತಿದ್ದರು. ಅವರ ಹವ್ಯಾಸ ಎಲ್ಲಿಂದ ಹುಟ್ಟಿತೆಂದು ಆ ರಾತ್ರಿ ತಿಳಿಯಿತು. ನನ್ನದೂ ಎಲ್ಲಿಂದ ಬಂತೆಂದು ತಿಳಿಯಿತು.

ಮತ್ತೆ ಯಾಕೆ ನಿಲ್ಲಿಸಿದಿರಿ ಅಂದೆ. ‘ನೀವಿಬ್ರು ಹುಟ್ಟಿದ್ರಿ. ರೋಲಿಗೆ ರೊಕ್ಕ ಎಲ್ಲಿಂದ ತರೂದು?’ ಎಂದು ನಕ್ಕರು.

255ರಿಂದ ಕಳೆದರೆ

ಡಬ್ಬಿಯನ್ನು ಹೈದರಾಬಾದಿಗೆ ತಂದೆ. ಒಂಬತ್ತು ರೋಲುಗಳ ನೆಗೆಟಿವ್. ಬೆಳಕು ಬಿದ್ದು ಕೆಟ್ಟವು, ತೇವಕ್ಕೆ ಒಂದಕ್ಕೊಂದು ಅಂಟಿದವು ಬಿಟ್ಟು ತೊಂಬತ್ತೊಂದು ಚೆನ್ನಾಗಿದ್ದವು. ದುಬಾರಿ ಸ್ಕ್ಯಾನರ್ ಇರಲಿಲ್ಲ. ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ, ಅದರ ಮೇಲೆ ಒಂದಿಷ್ಟು ಎತ್ತರದಲ್ಲಿ ಗಾಜು ಇಟ್ಟು, ಗಾಜಿನ ಮೇಲೆ ನೆಗೆಟಿವ್ ಹಾಸಿ, ಗೆಳೆಯನಿಂದ ಎರವಲು ತಂದ ಮ್ಯಾಕ್ರೊ ಲೆನ್ಸಿನಿಂದ ಮೇಲಿನಿಂದ ಫೋಟೊ ತೆಗೆದೆ. ಗಾಜು ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪರದೆಯ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ನಿಮ್ಮ ಮನೆಯಲ್ಲೂ ಹಳೆಯ ನೆಗೆಟಿವ್ ಇದ್ದರೆ ಹೀಗೆ ಮಾಡಿ ನೋಡಬಹುದು.

ನೆಗೆಟಿವನ್ನು ಚಿತ್ರ ಮಾಡಲು ಬೇಕಾದದ್ದು ಒಂದೇ ಸಾಲಿನ ಕೋಡ್. ಪ್ರತಿ ಪಿಕ್ಸೆಲ್ಲಿನ ಸಂಖ್ಯೆಯನ್ನು 255ರಿಂದ ಕಳೆಯಬೇಕು. ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಎಂಟೆಕ್‌ನ ಮೊದಲ ವಾರದ ಪಾಠ. ಆದರೆ ಆ ಸಾಲು ಓಡಿ, ಕಪ್ಪು ಮಸಿಯೊಳಗಿಂದ ಒಬ್ಬಾಕೆಯ ಕಣ್ಣು, ಮೂಗುತಿ, ಹಣೆಯ ಕುಂಕುಮ ಎದ್ದು ಬಂದಾಗ ಕುರ್ಚಿಯಿಂದ ಏಳಲಾಗಲಿಲ್ಲ. ಹೆಚ್ಚಿನ ಚಿತ್ರಗಳ ಕೆಳಗೆ ಒಂದು ನೆರಳಿತ್ತು. ತೆಳ್ಳಗಿನ ಹುಡುಗನ ನೆರಳು. ಅಪ್ಪನಿಗೆ ಆಗ ಇಪ್ಪತ್ತಾರು ವರ್ಷ.

2016ರ ಯುಗಾದಿಗೆ ಪ್ರಿಂಟ್ ಹಾಕಿಸಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಮರುದಿನ ಅಪ್ಪನನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆವು. ಬಡಿಗೇರರ ಮನೆಯಲ್ಲಿ ನೋಟ್‌ಬುಕ್ಕಿನ ನಾಲ್ಕನೇತ್ತ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ. ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದವನು ಅಪ್ಪನನ್ನು ನೋಡಿ ಎದ್ದು, ಕೈಯ ಹೊಟ್ಟು ಒರೆಸಿಕೊಂಡು ಕಾಲು ಮುಟ್ಟಿದ. ಅವ್ವ ಹೋಗಿ ಹದಿನೈದು ವರ್ಷವಾಯಿತು ಅಂದ. ಮಾಸ್ತರರು ಕೊಟ್ಟಿದ್ದ ಫೋಟೊಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದರಂತೆ, ಒಂದು ಮಳೆಗಾಲದಲ್ಲಿ ಗೆದ್ದಲು ತಿಂದುಬಿಟ್ಟಿತಂತೆ.

ಲಕೋಟೆಯಿಂದ ಪ್ರಿಂಟ್ ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ನಿಂತ. ಆಮೇಲೆ ಒಳಗಿನಿಂದ ಮಗಳನ್ನು ಕರೆದು, ‘ನೋಡವಾ, ನಿಮ್ಮ ಆಯಿ’ ಅಂದ. ಹದಿನಾರರ ಆ ಹುಡುಗಿ ನೋಡಿ, ‘ನನ್ನಂಗ ಅದಾಳಲ್ಲಪ್ಪಾ’ ಅಂದಳು.

ಎಲ್ಲ ಮನೆಗಳಲ್ಲೂ ಹೀಗೇ ಆಯಿತೆಂದು ಹೇಳಲಾರೆ. ಒಂದು ಮನೆಗೆ ಬೀಗ ಹಾಕಿತ್ತು, ದುಡಿಯಲು ಎಲ್ಲರೂ ಮಂಗಳೂರಿಗೆ ಹೋಗಿದ್ದರು. ಇನ್ನೊಂದು ಮನೆ ಪಾಲಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಒಂದೇ ಫೋಟೊ ಯಾರಿಗೆ ಕೊಡುವುದು? ತಮ್ಮನಿಗೆ ಕೊಟ್ಟರೆ ಅಣ್ಣ ಮುಖ ತಿರುಗಿಸಿದ. ಇನ್ನೊಂದು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ, ಕಳಿಸಿದೆ. ಈಗಲೂ ಪ್ರತಿ ಪ್ರಿಂಟನ್ನು ಎರಡೆರಡು ಒಯ್ಯುತ್ತೇನೆ.

ಆ ಸಂಜೆ ವಾಪಸು ಬರುವ ಮುಂಚೆ ಬಡಿಗೇರರ ಕಟ್ಟೆಯ ಮುಂದೆ ಅಪ್ಪನನ್ನು ನಿಲ್ಲಿಸಿದೆ. ‘ನಂದೇನ್ ತಗಿತಿಯೋ?’ ಎಂದು ಸಂಕೋಚಪಟ್ಟರು. ನಾನು ನೆರಳಿನ ಕಡೆಗೆ, ಮೆದು ಬೆಳಕಿಗೆ ಕರೆದರೆ ಕೇಳಲಿಲ್ಲ. ‘ನೀ ಅತ್ಲಾಗ ಹೋಗು, ಸೂರ್ಯ ಬೆನ್ನಿಗಿರಲಿ’ ಅಂದರು. ಅಪ್ಪ ಹೇಳಿದ ಹಾಗೆಯೇ ತೆಗೆದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಣೆಗೆ ನಿರಿಗೆ ಹಾಕಿಕೊಂಡು ಅಪ್ಪ ನಿಂತಿದ್ದಾರೆ. ಕೆಳಗೆ ನನ್ನ ನೆರಳು ಅವರ ಕಾಲಿನವರೆಗೆ ಬಂದಿದೆ. ಕತ್ತರಿಸಿ ತೆಗೆಯಲು ಹೋಗಿಲ್ಲ. ಹೈದರಾಬಾದಿನ ಮನೆಯ ಗೋಡೆಯ ಮೇಲೆ ಇರುವುದು ಆ ಒಂದೇ ಫೋಟೊ.

ಹಬ್ಬಕ್ಕೆ ಹೋದಾಗ

ಈಗಲೂ ಭಾನುವಾರ ಚಾರ್‌ಮಿನಾರಿಗೆ ಹೋಗುತ್ತೇನೆ. ಆದರೆ ಮೊದಲಿನ ಹಾಗೆ ಸುಮ್ಮನೆ ಒತ್ತುತ್ತಾ ಹೋಗುವುದಿಲ್ಲ. ಯಾರದಾದರೂ ಮುಖ ತೆಗೆದರೆ, ಮುಂದಿನ ಭಾನುವಾರ ಪ್ರಿಂಟ್ ಒಯ್ದು ಕೊಡುತ್ತೇನೆ. ಹದಿನೈದು ಇಪ್ಪತ್ತು ರೂಪಾಯಿಯ ಖರ್ಚು. ಗುಲ್ಜಾರ್ ಹೌಜ್ ಬಳಿಯ ಒಬ್ಬ ಅಜ್ಜ ಈಗ ನನ್ನಿಂದ ಚಹಾದ ಹಣ ತೆಗೆದುಕೊಳ್ಳುವುದಿಲ್ಲ.

ಊರಿನಿಂದ ದೂರ ಇರುವ ನಮ್ಮ ಮೊಬೈಲುಗಳಲ್ಲಿ ಸಾವಿರಾರು ಫೋಟೊ ಇರುತ್ತವೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ಯಾವಾಗಲೂ ಫೋಟೊ ತೆಗೆಯುತ್ತಿದ್ದವರು ಯಾರೋ, ಅವರನ್ನು ನಿಲ್ಲಿಸಿ ಒಂದು ತೆಗೆಯಿರಿ. ತೆಗೆದದ್ದನ್ನು ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ದಿನಾಂಕ ಬರೆಯಿರಿ. ಹಾಗೆಯೇ ಅವರನ್ನು ಕೇಳಿ, ಮೊದಲು ಕ್ಯಾಮೆರಾ ಹಿಡಿದದ್ದು ಯಾಕೆ ಅಂತ. ಉತ್ತರ ನೀವು ಅಂದುಕೊಂಡ ಹಾಗೆ ಇರಲಿಕ್ಕಿಲ್ಲ.

ಅಪ್ಪನಿಗೆ ಈಗ ಎಪ್ಪತ್ತು. ನೋಟ್‌ಬುಕ್ಕಿನ ಕೆಲವು ಪುಟಗಳಲ್ಲಿ ಮಸಿ ಹರಡಿ ಹೆಸರು ಓದಲು ಬರುವುದಿಲ್ಲ. ತೊಂಬತ್ತೊಂದರಲ್ಲಿ ಹನ್ನೊಂದು ಮುಖಗಳು ಯಾರವೆಂದು ಇನ್ನೂ ಗೊತ್ತಾಗಿಲ್ಲ. ಹೋದ ವಾರ ಅಪ್ಪ ಫೋನ್ ಮಾಡಿ, ‘ರೋಲ್ ಐದರಾಗ ಮೂಗುತಿ ದೊಡ್ಡದು ಹಾಕ್ಕೊಂಡಾಕಿ ಯಾರಂತ ನೆನಪಾತು. ಕುಂಬಾರರ ಮನ್ಯಾಕಿ ಇರಬೇಕು. ಈ ಸಲ ಬರೂ ಮುಂದ ಎರಡು ಪ್ರಿಂಟ್ ಹಾಕಿಸ್ಕೊಂಡು ಬಾ’ ಅಂದರು.

ಹಾಕಿಸಿ ಇಟ್ಟಿದ್ದೇನೆ.